ಡಿಎನ್‌ಎ ಹಾನಿ ಮತ್ತು ವರ್ಣತಂತು ಪರೀಕ್ಷೆಗಳು: ಅರ್ಜಿದಾರರ ತಿಳಿವಳಿಕೆಗಾಗಿ

ಗಂಗಾವತಿ ತಾಲ್ಲೂಕಿನ ಮರಳಿ ಹಾಗೂ ಸುತ್ತಲಿನ ಗ್ರಾಮಗಳು ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟು ಪ್ರದೇಶಕ್ಕೆ ಸೇರಿದ್ದು, ಭತ್ತವು ಇಲ್ಲಿನ ಪ್ರಧಾನ ಬೆಳೆಯಾಗಿರುತ್ತದೆ. ಬೆಂಕಿ ರೋಗ, ಎಲೆ ಕವಚದ ಅಂಗಮಾರಿ, ಕಂದು ಜಿಗಿಹುಳು ಮುಂತಾದವುಗಳ ಹತೋಟಿಗಾಗಿ ಔಷಧಿ ಸಿಂಪಡಿಸಲಾಗುತ್ತದೆ. ಜನರು ಇದನ್ನು ‘ಎಣ್ಣೆ ಹೊಡೆಯುವುದು’ ಎನ್ನುತ್ತಾರೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಕೂಲಿಗೆ ಈ ಕೆಲಸ ಮಾಡುವವರಿಗೆ, ಇದರಿಂದ ಮುಂದೆ ಹುಟ್ಟುವ ಮಕ್ಕಳಿಗೆ ತೊಂದರೆಯಾಗುವುದೇ, ಅದನ್ನು ತಿಳಿಯಲು ಪರೀಕ್ಷೆ ಇದೆಯೇ ಎಂಬ ಸಂದೇಹ ಬರುವುದು ಸಹಜ. ಪರೀಕ್ಷೆಗಳು ಇವೆ. ಆದರೆ ಕೆಲವು ಔಷಧಿಯನ್ನು ಪರೀಕ್ಷಿಸುವಂಥವು, ಕೆಲವು ವ್ಯಕ್ತಿಯನ್ನು ಪರೀಕ್ಷಿಸುವಂಥವು. ಅರ್ಜಿ ಸಲ್ಲಿಸುವ ಮೊದಲು ಈ ವ್ಯತ್ಯಾಸವನ್ನು ತಿಳಿದಿರುವುದು ಅವಶ್ಯ.

ಔಷಧಿಯ ಪರೀಕ್ಷೆ

ಮನುಷ್ಯನ ಪ್ರತಿ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿದ್ದು, ಡಿಎನ್‌ಎ ಅವುಗಳಲ್ಲಿ ಅಡಕವಾಗಿರುತ್ತದೆ. ಕೋಶವು ಎರಡಾಗುವಾಗ ಹಳೆಯ ಲೆಡ್ಜರಿನಿಂದ ಹೊಸ ಲೆಡ್ಜರಿಗೆ ಬಾಕಿ ಇಳಿಸುವಂತೆ ಇಡೀ ಡಿಎನ್‌ಎ ನಕಲಾಗುತ್ತದೆ. ರಾಸಾಯನಿಕ ಅಥವಾ ವಿಕಿರಣದಿಂದ ಇದರಲ್ಲಿ ಒಂದು ಅಕ್ಷರ ಬದಲಾಗಬಹುದು, ತಂತು ತುಂಡಾಗಬಹುದು, ಇಲ್ಲವೇ ಒಂದು ತಂತು ತಪ್ಪು ಕೋಶಕ್ಕೆ ಸೇರಬಹುದು. ಈ ಮೂರೂ ಬೇರೆ ಬೇರೆ ಹಾನಿಗಳು. ಒಂದೇ ಪರೀಕ್ಷೆಯಿಂದ ಮೂರೂ ಪತ್ತೆಯಾಗುವುದಿಲ್ಲ.

1968ರ ಕೀಟನಾಶಕ ಅಧಿನಿಯಮದಡಿ ಹೊಸ ಔಷಧಿಯ ನೋಂದಣಿಗೆ ಅರ್ಜಿ ಸಲ್ಲಿಸುವ ಕಂಪನಿಯು ಇಂತಹ ಹಲವು ಪರೀಕ್ಷೆಗಳ ವರದಿಗಳನ್ನು ಕೇಂದ್ರದ ನೋಂದಣಿ ಸಮಿತಿಗೆ ಒಪ್ಪಿಸಬೇಕಾಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಬ್ರೂಸ್ ಏಮ್ಸ್ ರೂಪಿಸಿದ ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳನ್ನು ಬಳಸಲಾಗುತ್ತಿದ್ದು, ಅದು ಅಕ್ಷರದ ಬದಲಾವಣೆಯನ್ನು ತೋರಿಸುತ್ತದೆ. ಇಲಿಯ ಮೂಳೆಮಜ್ಜೆಯಲ್ಲಿ ನಡೆಸುವ ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆಯಲ್ಲಿ, ಕೋಶಕೇಂದ್ರದ ಹೊರಗೆ ಉಳಿದುಹೋದ ವರ್ಣತಂತುವಿನ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಲಾಗುತ್ತದೆ. ಕಾಮೆಟ್ ಪರೀಕ್ಷೆಯಲ್ಲಿ ಕೋಶಗಳಿಗೆ ವಿದ್ಯುತ್ ಹಾಯಿಸಿದಾಗ ತುಂಡಾದ ಡಿಎನ್‌ಎ ಧೂಮಕೇತುವಿನ ಬಾಲದಂತೆ ಹೊರಚಾಚುತ್ತದೆ. ಇವೆಲ್ಲಕ್ಕಿಂತ ಹಳೆಯದು ಈರುಳ್ಳಿ ಬೇರಿನ ಪರೀಕ್ಷೆ. ಸ್ವೀಡನ್ನಿನ ಆಲ್ಬರ್ಟ್ ಲೆವಾನ್ 1938ರಲ್ಲಿ ಇದನ್ನು ಪರಿಚಯಿಸಿದರು. ಈರುಳ್ಳಿಯಲ್ಲಿ ಕೇವಲ 16 ದೊಡ್ಡ ವರ್ಣತಂತುಗಳಿರುವುದರಿಂದ ಅವುಗಳಲ್ಲಾಗುವ ಏರುಪೇರು ಸುಲಭವಾಗಿ ಕಾಣಿಸುತ್ತದೆ. ಮನುಷ್ಯನ ವರ್ಣತಂತುಗಳು 46 ಎಂಬುದನ್ನು 1956ರಲ್ಲಿ ಟಿಯೋ ಅವರೊಡನೆ ಪ್ರಕಟಿಸಿದವರೂ ಇದೇ ಲೆವಾನ್ ಎಂಬುದು ಇಲ್ಲಿ ಉಲ್ಲೇಖಾರ್ಹ.

ಡಬ್ಬಿಯ ಮೇಲಿನ ಬಣ್ಣದ ಗುರುತು

ಕೀಟನಾಶಕ ನಿಯಮಗಳು, 1971ರ ಪ್ರಕಾರ ಪ್ರತಿ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ತ್ರಿಕೋನವಿರುತ್ತದೆ. ಪ್ರಯೋಗಕ್ಕೆ ಒಳಪಡಿಸಿದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಬೇಕಾಗುವ ಪ್ರಮಾಣವೇ ಇದಕ್ಕೆ ಆಧಾರ. ಬಾಯಿಯ ಮೂಲಕ ಕೊಟ್ಟಾಗ ಈ ಪ್ರಮಾಣವು ಪ್ರತಿ ಕಿಲೋ ದೇಹತೂಕಕ್ಕೆ 50 ಮಿಲಿಗ್ರಾಂವರೆಗೆ ಇದ್ದರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕೂ ಮೀರಿದರೆ ಹಸಿರು. ಅಂದರೆ ಈ ಬಣ್ಣವು ತಕ್ಷಣದ ವಿಷದ ತೀವ್ರತೆಯನ್ನು ಮಾತ್ರ ಹೇಳುತ್ತದೆ. ವರ್ಣತಂತುಗಳ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ. ಹಸಿರು ಗುರುತು ಕಂಡು ಕೈಗವಸು ಬಿಚ್ಚಿಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಭತ್ತದ ಬೆಂಕಿ ರೋಗಕ್ಕೆ ಬಳಸಲಾಗುವ ಕಾರ್ಬೆಂಡಜಿಮ್ ಇದಕ್ಕೆ ಉದಾಹರಣೆ. ಇಲಿಗಳಲ್ಲಿ ಇದರ ಮಾರಕ ಪ್ರಮಾಣ 5000 ಮಿಲಿಗ್ರಾಂಗಿಂತ ಹೆಚ್ಚಾಗಿದ್ದು, ಮೇಲಿನ ಅಳತೆಯಂತೆ ಇದು ಹಸಿರು ವರ್ಗಕ್ಕೆ ಸೇರುತ್ತದೆ. ಆದರೆ ಶಿಲೀಂಧ್ರದ ಕೋಶ ವಿಭಜನೆಯಲ್ಲಿ ವರ್ಣತಂತುಗಳನ್ನು ಎರಡು ಬದಿಗೆ ಎಳೆದೊಯ್ಯುವ ಎಳೆಗಳನ್ನು ಕೆಡಿಸುವ ಮೂಲಕವೇ ಇದು ಕೆಲಸ ಮಾಡುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ಪ್ರಾಣಿಗಳ ಕೋಶಗಳಲ್ಲಿಯೂ ಇದೇ ಪರಿಣಾಮ ಕಂಡುಬಂದಿದ್ದು, ಐರೋಪ್ಯ ಒಕ್ಕೂಟವು ಇದನ್ನು ವಂಶವಾಹಿ ದೋಷ ಉಂಟುಮಾಡಬಲ್ಲ ವಸ್ತುವೆಂದು ವರ್ಗೀಕರಿಸಿದೆ. ಈ ಬಗೆಯ ಹಾನಿಗೆ ಒಂದು ಕನಿಷ್ಠ ಮಿತಿ ಇರುತ್ತದೆ, ಅದಕ್ಕಿಂತ ಕಡಿಮೆಯಾದಲ್ಲಿ ಪರಿಣಾಮ ಕಾಣಿಸದು ಎಂಬುದೂ ಅಷ್ಟೇ ಮುಖ್ಯ. ಆದ್ದರಿಂದ ಗಾಬರಿಗೆ ಕಾರಣವಿಲ್ಲವಾದರೂ ಬರಿಗೈಯಲ್ಲಿ ಔಷಧಿ ಕಲಸುವುದಕ್ಕೆ ಸಮರ್ಥನೆಯೂ ಇಲ್ಲ. 2020ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ನಿಷೇಧಕ್ಕೆ ಪ್ರಸ್ತಾಪಿಸಿದ 27 ಕೀಟನಾಶಕಗಳ ಕರಡು ಪಟ್ಟಿಯಲ್ಲಿ ಕಾರ್ಬೆಂಡಜಿಮ್ ಸಹ ಸೇರಿತ್ತು.

ವ್ಯಕ್ತಿಯ ಪರೀಕ್ಷೆ

ಸಿಂಪಡಣೆ ಮಾಡಿದವರ ರಕ್ತ ಅಥವಾ ಕೆನ್ನೆಯ ಒಳಭಾಗದ ಕೋಶಗಳಲ್ಲಿ ಮೈಕ್ರೋನ್ಯೂಕ್ಲಿಯಸ್ ಎಣಿಸುವುದು ಸಾಧ್ಯವಿದೆ. ಆದರೆ ಇದು ಒಂದು ಗುಂಪಿನ ಜನರನ್ನು ಇನ್ನೊಂದು ಗುಂಪಿನೊಡನೆ ಹೋಲಿಸುವ ಸಂಶೋಧನಾ ವಿಧಾನವಾಗಿರುತ್ತದೆ. ವಯಸ್ಸು, ಬೀಡಿ, ಗುಟ್ಕಾ ಇವುಗಳಿಂದಲೂ ಸಂಖ್ಯೆ ಹೆಚ್ಚುತ್ತದೆ. ಒಬ್ಬ ವ್ಯಕ್ತಿಯ ಸಂಖ್ಯೆಯನ್ನು ನೋಡಿ ‘ಈ ಔಷಧಿಯಿಂದಲೇ ಹಾನಿಯಾಗಿದೆ’ ಎಂದು ಪ್ರಮಾಣಪತ್ರ ನೀಡಲು ಬರುವುದಿಲ್ಲ. ಇಂತಹ ವರದಿ ಕೊಡುವುದಾಗಿ ಹೇಳಿ ಹಣ ಕೇಳುವವರ ಮಾತಿಗೆ ಮರುಳಾಗಬಾರದು.

ಸಿಂಪಡಣೆಯ ನಂತರ ವಾಂತಿ, ಬೆವರು, ಜೊಲ್ಲು, ಕಣ್ಣು ಮಂಜಾಗುವುದು ಕಂಡುಬಂದಲ್ಲಿ ವರ್ಣತಂತು ಪರೀಕ್ಷೆಯ ವಿಚಾರವೇ ಬೇಡ. ತಕ್ಷಣ 108ಕ್ಕೆ ಕರೆ ಮಾಡಿ, ಔಷಧಿಯ ಡಬ್ಬಿ ಅಥವಾ ಚೀಟಿಯೊಂದಿಗೆ ಆಸ್ಪತ್ರೆಗೆ ತಲುಪತಕ್ಕದ್ದು. ಅಲ್ಲಿ ಅಗತ್ಯವೆನಿಸಿದರೆ ವೈದ್ಯರು ಮಾಡಿಸುವುದು ಕೋಲಿನ್‌ಎಸ್ಟರೇಸ್ ಎಂಬ ರಕ್ತಪರೀಕ್ಷೆ.

ಪದೇ ಪದೇ ಗರ್ಭಪಾತವಾಗುವ ದಂಪತಿಗಳಿಗೆ, ಅಂಗವೈಕಲ್ಯವಿರುವ ಮಗುವಿನ ತಂದೆತಾಯಿಗಳಿಗೆ ವೈದ್ಯರು ಕ್ಯಾರಿಯೋಟೈಪ್ ಪರೀಕ್ಷೆಯನ್ನು ಸೂಚಿಸಬಹುದು. ರಕ್ತದ ಕೋಶಗಳನ್ನು ಸುಮಾರು ಮೂರು ದಿನ ಪ್ರಯೋಗಾಲಯದಲ್ಲಿ ಬೆಳೆಸಿ, ಬಣ್ಣ ಹಾಕಿ ವರ್ಣತಂತುಗಳನ್ನು ಒಂದೊಂದಾಗಿ ನೋಡಬೇಕಾಗಿರುವುದರಿಂದ ವರದಿ ಬರಲು ವಾರಗಳೇ ಹಿಡಿಯುತ್ತವೆ.

ಸೋದರಮಾವ ಅಥವಾ ಅತ್ತೆಯ ಮಗನೊಡನೆ ವಿವಾಹವಾಗುವ ರೂಢಿಯಿರುವ ಕುಟುಂಬಗಳು ಫ್ಯಾಂಕೋನಿ ರಕ್ತಹೀನತೆಯ ಬಗ್ಗೆ ತಿಳಿದಿರುವುದು ಒಳಿತು. ಇದು ಅಪರೂಪದ ಕಾಯಿಲೆ. ಮಗು ಕುಳ್ಳಾಗಿರುವುದು, ಹೆಬ್ಬೆರಳಿನ ದೋಷ, ರಕ್ತಕಣಗಳು ಕ್ರಮೇಣ ಕಡಿಮೆಯಾಗುವುದು ಇದರ ಲಕ್ಷಣಗಳು. ಇಲ್ಲಿ ಡಿಎನ್‌ಎ ದುರಸ್ತಿಯ ವ್ಯವಸ್ಥೆಯೇ ಹುಟ್ಟಿನಿಂದ ಕೆಟ್ಟಿರುತ್ತದೆ. ಮೈಟೋಮೈಸಿನ್-ಸಿ ಮುಂತಾದ ದ್ರವ್ಯ ಬೆರೆಸಿದಾಗ ರೋಗಿಯ ವರ್ಣತಂತುಗಳು ಇತರರಿಗಿಂತ ಬಹಳ ಹೆಚ್ಚು ತುಂಡಾಗುತ್ತವೆ. ರೋಗನಿರ್ಣಯಕ್ಕೆ ಇದೇ ಆಧಾರ. ತಂದೆತಾಯಿ ಇಬ್ಬರೂ ದೋಷದ ವಾಹಕರಾಗಿದ್ದಲ್ಲಿ ಪ್ರತಿ ಗರ್ಭದಲ್ಲಿಯೂ ಶೇ. 25ರಷ್ಟು ಸಾಧ್ಯತೆ ಇರುತ್ತದೆ. ಮಗುವಿನ ಕಾಯಿಲೆಗೆ ತಾಯಿಯೊಬ್ಬಳನ್ನೇ ಹೊಣೆ ಮಾಡುವುದು ಸರಿಯಲ್ಲ. ಇಂತಹ ಪ್ರಕರಣಗಳಲ್ಲಿ ಮೊದಲು ಕೊಪ್ಪಳ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರನ್ನು ಕಾಣಬೇಕು. ಅವರ ಶಿಫಾರಸು ಪತ್ರದೊಂದಿಗೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂತಹ ಸಂಸ್ಥೆಗಳಲ್ಲಿ ಸಮಾಲೋಚನೆ ಪಡೆಯಬಹುದಾಗಿದೆ.

ಮಾಹಿತಿಗಾಗಿ ಅರ್ಜಿ

ಖರೀದಿಸಿದ ಔಷಧಿ ನಕಲಿ ಎಂಬ ಸಂದೇಹವಿದ್ದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗಳಿಗೆ ಬಿಲ್ಲಿನ ಪ್ರತಿಯೊಂದಿಗೆ ಲಿಖಿತ ದೂರು ನೀಡತಕ್ಕದ್ದು. ಬಿಲ್ಲು ಪಡೆಯದೆ ಖರೀದಿಸಿದವರ ದೂರನ್ನು ಸಾಬೀತುಪಡಿಸುವುದು ಕಷ್ಟ. ನೋಂದಣಿಗೆ ಸಂಬಂಧಿಸಿದ ಮಾಹಿತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು. ಈ ವಿಷಯ ಕೇಂದ್ರ ಸರ್ಕಾರಕ್ಕೆ ಸೇರಿದ್ದಾದರೂ ರಾಜ್ಯದ ಕಛೇರಿಗೆ ಬಂದ ಅರ್ಜಿಯನ್ನು ಕಲಂ 6(3)ರಂತೆ 5 ದಿನಗಳೊಳಗಾಗಿ ಸಂಬಂಧಪಟ್ಟ ಪ್ರಾಧಿಕಾರಕ್ಕೆ ವರ್ಗಾಯಿಸಬೇಕಾಗುತ್ತದೆ. ಅರ್ಜಿ ಶುಲ್ಕ ರೂ. 10. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಅರ್ಜಿಯಲ್ಲಿ ಔಷಧಿಯ ವ್ಯಾಪಾರಿ ಹೆಸರಿನ ಜೊತೆಗೆ, ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಮುದ್ರಿತವಾಗಿರುವ ರಾಸಾಯನಿಕದ ಹೆಸರು ಹಾಗೂ ನೋಂದಣಿ ಸಂಖ್ಯೆಯನ್ನು ತಪ್ಪದೆ ನಮೂದಿಸತಕ್ಕದ್ದು.