ಬೆರಳಿಗೆ ಬೆಲೆ ಕಟ್ಟಿದ ಕಾನೂನು

ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತ್ಯದಲ್ಲಿ ಫೌಲರ್ ಎಂಬ ಮಾಂಸದ ವ್ಯಾಪಾರಿಯ ಬಳಿ ಪ್ರೀಸ್ಟ್ಲಿ ಎಂಬ ಆಳು ಕೆಲಸಕ್ಕಿದ್ದ. ಮಿತಿಮೀರಿ ಹೇರಿದ್ದ ಬಂಡಿ ಮುರಿದು ಬಿದ್ದು ಅವನ ತೊಡೆಯ ಮೂಳೆ ಮುರಿಯಿತು. ಜ್ಯೂರಿ ಅವನಿಗೆ 100 ಪೌಂಡ್ ಪರಿಹಾರ ಕೊಡಿಸಿತಾದರೂ 1837ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಮಾನವನ್ನು ತಳ್ಳಿಹಾಕಿತು. ಅಪಾಯ ಕಂಡರೆ ಆಳು ಆ ಕೆಲಸವನ್ನು ಒಲ್ಲೆ ಎನ್ನಬಹುದಿತ್ತು ಎಂಬುದು ಅದರ ತರ್ಕ. ಅಂದಿನ ಕೂಲಿಯಿಂದಲೇ ಒಲೆ ಉರಿಯಬೇಕಾದವನು ಒಲ್ಲೆ ಎನ್ನುವುದು ಹೇಗೆ ಎಂಬುದಕ್ಕೆ ಆ ತರ್ಕದಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಗಲು ಅರ್ಧ ಶತಮಾನ ಬೇಕಾಯಿತು. ಬಿಸ್ಮಾರ್ಕನ ಜರ್ಮನಿ 1884ರಲ್ಲಿ ಅಪಘಾತ ವಿಮೆಯ ಕಾನೂನು ತಂದಿತು. ಬ್ರಿಟನ್ 1897ರಲ್ಲಿ ಪರಿಹಾರ ಕಾಯ್ದೆ ಮಾಡಿತು. ಭಾರತದ ಕಾರ್ಮಿಕರ ಪರಿಹಾರ ಕಾಯ್ದೆ 1923ರಲ್ಲಿ ರೂಪುಗೊಂಡು 1924ರ ಜುಲೈ 1ರಂದು ಜಾರಿಗೆ ಬಂತು. ಈ ಕಾನೂನುಗಳ ಹಿಂದಿದ್ದುದು ಒಂದು ರಾಜಿ. ಮಾಲೀಕನ ತಪ್ಪನ್ನು ಕಾರ್ಮಿಕ ಸಾಬೀತುಪಡಿಸಬೇಕಿಲ್ಲ. ಗಾಯ ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಆಗಿದ್ದರೆ ಸಾಕು. ಇದಕ್ಕೆ ಪ್ರತಿಯಾಗಿ ಪರಿಹಾರದ ಲೆಕ್ಕ ಮೊದಲೇ ನಿಗದಿಯಾಗಿರುತ್ತದೆ.

ಹೀಗೆ ದೇಹದ ಅಂಗಾಂಗಗಳಿಗೆ ಪಟ್ಟಿಯೊಂದು ಸಿದ್ಧವಾಯಿತು. ಇಂದಿನ ಪಟ್ಟಿಯ ಪ್ರಕಾರ ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 30 ನಷ್ಟ. ತೋರುಬೆರಳಿಗೆ ಶೇಕಡಾ 14. ಕಾರ್ಮಿಕನ ಸಂಬಳ ಮತ್ತು ವಯಸ್ಸನ್ನು ಸೇರಿಸಿ ಹಣ ಲೆಕ್ಕ ಹಾಕುತ್ತಾರೆ. ಬೆರಳನ್ನು ಶೇಕಡಾವಾರು ಅಳೆಯುವುದು ನಿರ್ದಯವೆನಿಸಬಹುದು. ಆದರೆ ಮಾಲೀಕನ ಔದಾರ್ಯಕ್ಕೆ ಕೈಚಾಚುವುದನ್ನು ತಪ್ಪಿಸಿದ್ದು ಇದೇ ಪಟ್ಟಿ. ಹಕ್ಕು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡ ಮುಚ್ಚಳಿಕೆ ಊರ್ಜಿತವಲ್ಲ. ಕಾರ್ಮಿಕ ಸತ್ತರೆ ಪರಿಹಾರದ ಹಣವನ್ನು ಸಕ್ಷಮ ಪ್ರಾಧಿಕಾರಿಗಳಲ್ಲಿ ಠೇವಣಿ ಇಡಬೇಕು. ಅದನ್ನು ಅವಲಂಬಿತರಿಗೆ ಹಂಚುವವರು ಅವರೇ. 1948ರ ಕಾಯ್ದೆಯನ್ವಯ ಬಂದ ಇ.ಎಸ್.ಐ. ವಿಮೆಯಲ್ಲಿದ್ದವರಿಗೆ ಮಾತ್ರ ಪರಿಹಾರ ಆ ನಿಗಮದಿಂದಲೇ.

ಅಪಘಾತಕ್ಕೆ ದಿನ, ಗಂಟೆಗಳ ಗುರುತಿದೆ. ಉಸಿರಿನೊಂದಿಗೆ ಒಳಹೊಕ್ಕ ದೂಳಿಗೆ ಅದಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರಿಂದ 1946ರವರೆಗೆ 7,653 ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇಕಡಾ 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಬಂಡೆಯ ದೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಈ ಕಾಯಿಲೆ, ದೂಳಿನ ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ತಲೆದೋರಬಹುದು. ಇದೂ ಪರಿಹಾರಕ್ಕೆ ಅರ್ಹವಾದ ವೃತ್ತಿಜನ್ಯ ರೋಗಗಳ ಪಟ್ಟಿಯಲ್ಲಿದೆ. ಆದರೆ ಹೆಬ್ಬೆರಳು ಹೋದುದು ಕಣ್ಣಿಗೆ ಕಾಣುತ್ತದೆ. ಕೆಮ್ಮು ಯಾವ ಕೆಲಸದಿಂದ ಬಂತೆಂಬುದಕ್ಕೆ ಎಕ್ಸ್‌ರೇ ಬೇಕು, ಹಾಜರಿ ಪುಸ್ತಕ ಬೇಕು, ಸಂಬಳದ ಚೀಟಿ ಬೇಕು.

2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು 1923ರ ಕಾಯ್ದೆಯ ಸ್ಥಾನವನ್ನು ಪಡೆಯಿತು. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಆಗುವ, ಕೆಲಸದೊಡನೆ ನಂಟಿರುವ ಅಪಘಾತವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮಾಲೀಕನ ತಪ್ಪನ್ನು ತೋರಿಸುವ ಭಾರ ಕಾರ್ಮಿಕನ ಹೆಗಲಿನಿಂದ ಇಳಿದು ನೂರು ವರ್ಷ ಕಳೆದಿದೆ. ಅಲ್ಲಿ ದುಡಿದಿದ್ದೆ ಎಂದು ತೋರಿಸುವ ಭಾರ ಮಾತ್ರ ಉಳಿದಿದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಕೂಲಿಗೆ ಅದೇನೂ ಹಗುರವಲ್ಲ.