ಫುಟ್ಬಾಲ್ ಬೆಟಾಲಿಯನ್

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನ್ಯದ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೆಯ ಬೆಟಾಲಿಯನ್‌ಗೆ ಇದ್ದ ರೂಢಿಯ ಹೆಸರು. ಇಂಗ್ಲೆಂಡಿನ ವೃತ್ತಿಪರ ಫುಟ್ಬಾಲ್ ಆಟಗಾರರನ್ನೂ ಅವರ ಅಭಿಮಾನಿಗಳನ್ನೂ ಸೇರಿಸಿಕೊಂಡು 1914ರ ಡಿಸೆಂಬರ್ 15ರಂದು ಹುಟ್ಟಿದ ಈ ದಳ 1918ರ ಫೆಬ್ರವರಿಯಲ್ಲಿ ವಿಸರ್ಜನೆಗೊಂಡಿತು. ಇದರಲ್ಲಿ ಸೇವೆ ಸಲ್ಲಿಸಿದವರ ಪೈಕಿ 900ಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು.

ದಳದ ಹುಟ್ಟಿನ ಹಿಂದೆ ದೇಶಾಭಿಮಾನ ಎಷ್ಟಿತ್ತೋ ಲೋಕನಿಂದೆಯ ಒತ್ತಡವೂ ಅಷ್ಟೇ ಇತ್ತು. 1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾದರೂ ಸೆಪ್ಟೆಂಬರ್‌ನಲ್ಲಿ ಫುಟ್ಬಾಲ್ ಲೀಗ್ ಎಂದಿನಂತೆ ಶುರುವಾಯಿತು. ಉಳ್ಳವರ ಮನೆಯ ಹವ್ಯಾಸಿಗಳು ಆಡುತ್ತಿದ್ದ ರಗ್ಬಿ ನಿಂತುಹೋಗಿತ್ತು. ಗಟ್ಟಿಮುಟ್ಟಾದ ಯುವಕರು ಚೆಂಡು ಒದೆಯುತ್ತಿದ್ದಾರೆ, ಸಾವಿರಾರು ಜನ ನಿಂತು ನೋಡುತ್ತಿದ್ದಾರೆ ಎಂದು ಪತ್ರಿಕೆಗಳು ಟೀಕಿಸಿದವು. ಮದ್ಯ ತಯಾರಕರ ಮನೆತನದಲ್ಲಿ ಹುಟ್ಟಿ ಪಾನವಿರೋಧಿಯಾಗಿದ್ದ ಫ್ರೆಡರಿಕ್ ಚಾರಿಂಗ್ಟನ್ ಇದರ ವಿರುದ್ಧ ಚಳವಳಿಯನ್ನೇ ಹೂಡಿದ. ಈ ಟೀಕೆ ನ್ಯಾಯವಾದದ್ದಾಗಿರಲಿಲ್ಲ. ಕುದುರೆ ಪಂದ್ಯಗಳು ಆಗಲೂ ನಡೆಯುತ್ತಿದ್ದವು. ಫುಟ್ಬಾಲ್ ಆಟಗಾರನಾದರೋ ವಾರಕ್ಕೆ ಹೆಚ್ಚೆಂದರೆ ನಾಲ್ಕೈದು ಪೌಂಡ್ ಸಂಬಳ ಪಡೆಯುವ ಕೂಲಿ ವರ್ಗದ ಮನುಷ್ಯ. ಕ್ಲಬ್ಬಿನೊಡನೆ ಆದ ಕರಾರು ಅವನ ಕೈ ಕಟ್ಟಿಹಾಕಿತ್ತು. ಆಟವೇ ಅವನ ಮನೆಯ ಅನ್ನ.

ಸ್ಕಾಟ್ಲೆಂಡಿನಲ್ಲಿ ಉತ್ತರ ಬೇಗನೆ ಬಂತು. ನವೆಂಬರ್ 25ರಂದು ಎಡಿನ್‌ಬರೋದ ಹಾರ್ಟ್ಸ್ ಕ್ಲಬ್ಬಿನ ಆಟಗಾರರು ಸರ್ ಜಾರ್ಜ್ ಮೆಕ್ರೇ ಕಟ್ಟುತ್ತಿದ್ದ ದಳಕ್ಕೆ ಒಟ್ಟಾಗಿ ಸೇರಿದರು. ಲೀಗ್‌ನಲ್ಲಿ ಮುಂಚೂಣಿಯಲ್ಲಿದ್ದ ಆ ತಂಡ ಕೊನೆಗೆ ಎರಡನೆಯ ಸ್ಥಾನಕ್ಕಿಳಿಯಿತು. ಅದರ ಮೂವರು ಆಟಗಾರರು 1916ರ ಸೊಮ್ ಕದನದ ಮೊದಲ ದಿನವೇ ಮಡಿದರು.

ಲಂಡನ್ನಿನ ಫುಲ್ಹಮ್ ಟೌನ್‌ಹಾಲಿನಲ್ಲಿ ಸಂಸತ್ ಸದಸ್ಯ ವಿಲಿಯಂ ಜಾಯ್ನ್‌ಸನ್-ಹಿಕ್ಸ್ ಮುಂದಾಳುತನದಲ್ಲಿ ನಡೆದ ಸಭೆಯಲ್ಲಿ 35 ಆಟಗಾರರು ಹೆಸರು ಬರೆಸಿದರು. ಮೊದಲು ಎದ್ದವರಲ್ಲಿ ಕ್ಲಾಪ್ಟನ್ ಓರಿಯಂಟ್ ತಂಡದ ನಾಯಕ ಫ್ರೆಡ್ ಪಾರ್ಕರ್, ಬ್ರಾಡ್‌ಫೋರ್ಡ್ ಸಿಟಿಯ ಫ್ರಾಂಕ್ ಬಕ್ಲಿ ಇದ್ದರು. ಶನಿವಾರ ತಮ್ಮ ಕ್ಲಬ್ಬಿನ ಪರ ಆಡಲು ಅವರಿಗೆ ರಜೆ ಸಿಗುತ್ತಿತ್ತು. 1915ರ ಮಾರ್ಚ್ ಹೊತ್ತಿಗೆ ಸುಮಾರು 1,800 ವೃತ್ತಿಪರರಲ್ಲಿ ಈ ದಳಕ್ಕೆ ಬಂದವರು 122 ಮಂದಿ ಎಂಬ ಲೆಕ್ಕ ಹೊರಬಿದ್ದಾಗ ನಿಂದೆ ಮತ್ತೆ ಭುಗಿಲೆದ್ದಿತು. ಬೇರೆ ರೆಜಿಮೆಂಟುಗಳಿಗೆ ಸೇರಿದ್ದವರನ್ನು ಆ ಲೆಕ್ಕ ಒಳಗೊಂಡಿರಲಿಲ್ಲ.

ಎಲ್ಲ ಕ್ಲಬ್‌ಗಳಿಗಿಂತ ಓರಿಯಂಟ್ ಹೆಚ್ಚು ಜನರನ್ನು ಕೊಟ್ಟಿತು: ಆಟಗಾರರು, ಸಿಬ್ಬಂದಿ, ಅಭಿಮಾನಿಗಳು ಸೇರಿ 41 ಮಂದಿ. 1915ರ ಏಪ್ರಿಲ್ 24ರಂದು ಲೆಸ್ಟರ್ ಫಾಸ್ ವಿರುದ್ಧ ಪಂದ್ಯ ಮುಗಿದ ಮೇಲೆ ಅವರು ಸಮವಸ್ತ್ರ ತೊಟ್ಟು ತಮ್ಮ ಮೈದಾನದಲ್ಲೇ ಕವಾಯತು ನಡೆದರು. ಅದೇ ದಿನ ಮ್ಯಾಂಚೆಸ್ಟರಿನಲ್ಲಿ ಶೆಫೀಲ್ಡ್ ಯುನೈಟೆಡ್ ತಂಡ ಚೆಲ್ಸಿಯನ್ನು 3–0ರಿಂದ ಸೋಲಿಸಿ ಎಫ್.ಎ. ಕಪ್ ಗೆದ್ದಿತು. ಪ್ರೇಕ್ಷಕರ ನಡುವೆ ಸೈನಿಕರೇ ತುಂಬಿದ್ದರಿಂದ ಅದಕ್ಕೆ 'ಖಾಕಿ ಫೈನಲ್' ಎಂಬ ಹೆಸರು ಉಳಿಯಿತು. ಮುಂದಿನ ಋತುವಿನಿಂದ ಲೀಗ್ ನಿಂತಿತು.

1915ರ ನವೆಂಬರ್‌ನಲ್ಲಿ ದಳ ಫ್ರಾನ್ಸಿಗೆ ಹೋಯಿತು. ಕಂದಕದ ಸರದಿ ಮುಗಿಸಿ ಹಿಂದಕ್ಕೆ ಬಂದಾಗಲೆಲ್ಲ ಆಟ ನಡೆಯುತ್ತಿತ್ತು. ಇವರೆದುರು ನಿಲ್ಲುವ ತಂಡ ಸೈನ್ಯದಲ್ಲಿ ಸಿಗುವುದೇ ಕಷ್ಟವಾಯಿತು. 1916ರ ಏಪ್ರಿಲ್‌ನಲ್ಲಿ ತಮ್ಮ ಡಿವಿಜನ್ನಿನ ಪಂದ್ಯಾವಳಿಯ ಅಂತಿಮ ಪಂದ್ಯವನ್ನು ಇವರು ಗೆದ್ದದ್ದು 11–0ರಿಂದ. ಆದರೆ ಅಷ್ಟರಲ್ಲಾಗಲೇ ಒಬ್ಬ ದೊಡ್ಡ ಆಟಗಾರನ ಕಾಲಿಗೆ ಪೆಟ್ಟು ಬಿದ್ದಿತ್ತು. 1908 ಮತ್ತು 1912ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ತಂಡಗಳ ನಾಯಕ ವಿವಿಯನ್ ವುಡ್‌ವರ್ಡ್ 1916ರ ಜನವರಿಯಲ್ಲೇ ಕೈಬಾಂಬಿನಿಂದ ಗಾಯಗೊಂಡಿದ್ದರು.

ಸೊಮ್ ಕದನದಲ್ಲಿ ದಳ ಡೆಲ್‌ವಿಲ್ ಕಾಡು, ಗಿಲ್‌ಮಾಂಟ್, ಸೆರ್ ಎಂಬ ಮೂರು ಕಡೆ ನಜ್ಜುಗುಜ್ಜಾಯಿತು. ಓರಿಯಂಟ್‌ನ ವಿಲಿಯಂ ಜೋನಾಸ್, ರಿಚರ್ಡ್ ಮೆಕ್‌ಫ್ಯಾಡನ್ ಇಬ್ಬರೂ ಬಾಲ್ಯದ ಗೆಳೆಯರು. ಜುಲೈ 27ರಂದು ಡೆಲ್‌ವಿಲ್ ಕಾಡಿನ ಕಂದಕದಲ್ಲಿ ಇಬ್ಬರೂ ಒಟ್ಟಿಗೆ ಸಿಕ್ಕಿಬಿದ್ದಿದ್ದರು. ಜೋನಾಸ್ ಗೆಳೆಯನಿಗೆ ವಿದಾಯ ಹೇಳಿ ಕಂದಕದಿಂದ ಹೊರಕ್ಕೆ ಹಾರಿದ ಕ್ಷಣವೇ ಗುಂಡಿಗೆ ಬಲಿಯಾದ. ಈ ಸಾವಿನ ಸುದ್ದಿಯನ್ನು ಕ್ಲಬ್ಬಿಗೆ ಪತ್ರ ಬರೆದು ತಿಳಿಸಿದವನು ಮೆಕ್‌ಫ್ಯಾಡನ್. ಆಗಸ್ಟ್‌ನಲ್ಲಿ ಅದೇ ತಂಡದ ಜಾರ್ಜ್ ಸ್ಕಾಟ್ ಜರ್ಮನರ ಸೆರೆಯಲ್ಲಿ ತೀರಿಕೊಂಡ. ಶೌರ್ಯಕ್ಕಾಗಿ ಮಿಲಿಟರಿ ಮೆಡಲ್ ಪಡೆದಿದ್ದ ಮೆಕ್‌ಫ್ಯಾಡನ್ ಅಕ್ಟೋಬರ್ 23ರಂದು ಗಾಯಗಳಿಂದ ಸತ್ತ. ಯುದ್ಧಕ್ಕೆ ಮೊದಲೇ ಅವನು ಉರಿಯುವ ಮನೆಯಿಂದ ಒಬ್ಬನನ್ನೂ ಲೀ ನದಿಯಿಂದ ಹುಡುಗರನ್ನೂ ಕಾಪಾಡಿದ್ದ.

ದಳದಲ್ಲಿದ್ದವರ ಪೈಕಿ ಇಂದು ಹೆಚ್ಚು ನೆನೆಯುವ ಹೆಸರು ವಾಲ್ಟರ್ ಟಲ್. ತಂದೆ ಬಾರ್ಬಡೋಸ್‌ನವನು, ತಾಯಿ ಇಂಗ್ಲಿಷ್ ಹೆಂಗಸು; ಬೆಳೆದದ್ದು ಲಂಡನ್ನಿನ ಅನಾಥಾಲಯದಲ್ಲಿ. ಟಾಟನ್‌ಹಮ್ ಪರ ಆಡುವಾಗ ಬಣ್ಣದ ಕಾರಣಕ್ಕೆ ಪ್ರೇಕ್ಷಕರ ಬೈಗುಳ ಕೇಳಿದ್ದ ಟಲ್, ನಾರ್ಥಾಂಪ್ಟನ್ ಟೌನ್ ತಂಡದಲ್ಲಿದ್ದಾಗ ಈ ದಳ ಸೇರಿದ. ಯುರೋಪಿಯನ್ ವಂಶದವರಲ್ಲದವರು ಅಧಿಕಾರಿಯಾಗಲು ಸೈನ್ಯದ ನಿಯಮಗಳೇ ಅಡ್ಡಿಯಾಗಿದ್ದ ಕಾಲದಲ್ಲಿ, 1917ರ ಮೇನಲ್ಲಿ ಅವನು ಸೆಕೆಂಡ್ ಲೆಫ್ಟಿನೆಂಟ್ ಆದ. ಇಟಲಿಯ ಪಿಯಾವೆ ನದಿಯ ಬಳಿ ನಡೆಸಿದ ದಾಳಿಗಾಗಿ ಮೇಜರ್ ಜನರಲ್ ಸಿಡ್ನಿ ಲಾಫೋರ್ಡರ ಪ್ರಶಂಸೆ ಪಡೆದ. ಎರಡನೆಯ ಫುಟ್ಬಾಲ್ ಬೆಟಾಲಿಯನ್ ಎನಿಸಿದ್ದ 23ನೆಯ ಮಿಡ್ಲ್‌ಸೆಕ್ಸ್‌ನಲ್ಲಿದ್ದಾಗ 1918ರ ಮಾರ್ಚ್ 25ರಂದು ಫ್ರಾನ್ಸಿನಲ್ಲಿ ಗುಂಡು ತಗುಲಿತು. ಲೆಸ್ಟರ್ ಫಾಸ್‌ನ ಮಾಜಿ ಗೋಲ್‌ಕೀಪರ್ ಟಾಮ್ ಬಿಲ್ಲಿಂಗ್‌ಹ್ಯಾಮ್ ಅವನನ್ನು ಎಳೆದು ತರಲು ಯತ್ನಿಸಿ ಸೋತ. ದೇಹ ಸಿಗಲಿಲ್ಲ, ಹೆಸರು ಅರಾಸ್ ಸ್ಮಾರಕದ ಮೇಲಿದೆ.

1917ರ ಕಾಂಬ್ರೆ ಕದನದಲ್ಲಿ 17ನೆಯ ದಳದ ಕ್ಯಾಪ್ಟನ್ ಅಲಿಸ್ಟೇರ್ ಮೆಕ್ರೆಡಿ-ಡಯರ್ಮಿಡ್ ತೋರಿದ ಸಾಹಸಕ್ಕೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಮರುವರ್ಷ ದಳವನ್ನು ಒಡೆದು ಸೈನಿಕರನ್ನು ಬೇರೆ ಬೆಟಾಲಿಯನ್‌ಗಳಿಗೆ ಹಂಚಲಾಯಿತು. ಬದುಕಿ ಬಂದವರಲ್ಲಿ ಜ್ಯಾಕ್ ಕಾಕ್ 1919ರಲ್ಲಿ ಇಂಗ್ಲೆಂಡಿನ ಪರ ಆಡಿದ. ಸೊಮ್‌ನಲ್ಲಿ ಎದೆಗೆ ಚೂರು ಹೊಕ್ಕಿದ್ದ ಬಕ್ಲಿ 'ಮೇಜರ್' ಎಂಬ ಬಿರುದಿನೊಂದಿಗೇ ವೂಲ್ವ್ಸ್ ತಂಡದ ಹೆಸರಾಂತ ಮ್ಯಾನೇಜರ್ ಆದ.

ದಳದ ನೆನಪಿಗೆ ಡೆಲ್‌ವಿಲ್ ಕಾಡಿನ ಪಕ್ಕದ ಲಾಂಗ್‌ವಾಲ್ ಗ್ರಾಮದಲ್ಲಿ ಸ್ಮಾರಕ ನಿಂತಿದೆ. ಅದು ಅನಾವರಣಗೊಂಡದ್ದು 2010ರ ಅಕ್ಟೋಬರ್ 21ರಂದು, ಸೊಮ್ ಕದನ ನಡೆದ 94 ವರ್ಷಗಳ ಮೇಲೆ.