ಶೀಗಿ ಹುಣ್ಣಿಮಿ: ಹೆಣ್ಮಕ್ಕಳ ಸೀಮೋಲ್ಲಂಘನ

ಹಸ್ತ ಮಳಿ ಮುಗದು ಚಿತ್ತಿ ಮಳಿ ಬರೂ ಹೊತ್ತಿಗೆ ನಮ್ಮ ಕಡೆ ಗಾಳಿನ ಬ್ಯಾರೆ ಆಗತೈತಿ. ಮಧ್ಯಾಹ್ನ ಬಿಸಲು ಚುರ್ ಅಂದ್ರೂ ಸಂಜಿಮುಂದ ಕಟ್ಟಿ ಮ್ಯಾಲೆ ಕುಂತರ ಮೈಗೆ ಹಿತ. ಕೆಸರು ಆರಿ ಹಾದಿ ಗಟ್ಟಿ ಆಗತಾವು. ಈ ಹಾದಿ ಗಟ್ಟಿ ಆಗೂದರಾಗ ಒಂದು ಚರಿತ್ರಿ ಐತಿ ನೋಡ್ರಿ.

ಹಿಂದಿನ ಕಾಲಕ್ಕ ಮಳಿಗಾಲದಾಗ ಹೊಳಿ ತುಂಬತಿದ್ದವು, ಎರಿ ಮಣ್ಣಿನ್ಯಾಗ ಗಾಲಿ ಹುಗೀತಿದ್ದವು. ರಾಜರ ದಂಡು ಹೊರಡಬೇಕಂದ್ರ ಮಳಿ ನಿಲ್ಲಬೇಕಿತ್ತು. ದಸರಾದಾಗ ಊರ ಸೀಮಿ ದಾಟಿ ಬನ್ನಿಗಿಡದ ತನಕ ಹೋಗೂ ಸೀಮೋಲ್ಲಂಘನಕ್ಕ ಅದ ಅರ್ಥ. ವಿಜಯನಗರದ ಮಹಾನವಮಿಯನ್ನ 1443ರಾಗ ಹೆರಾತದಿಂದ ಬಂದ ಅಬ್ದುರ್ ರಜಾಕ ನೋಡಿ ಬರದ. 1520ರ ಸುಮಾರಿಗೆ ಪೋರ್ಚುಗೀಸ ಡೊಮಿಂಗೊ ಪಾಯಸ್ ಇನ್ನೂ ಬಿಚ್ಚಿ ಬರದಾನ. ಒಂಬತ್ತು ದಿನದ ಹಬ್ಬ ಆದಮ್ಯಾಲೆ ಕೃಷ್ಣದೇವರಾಯ ಊರ ಹೊರಗ ದಂಡು ನಿಲ್ಲಿಸಿ ನೋಡಿದನಂತ. ಅರಮನಿ ಹೆಣ್ಮಕ್ಕಳ ಮೈಮ್ಯಾಲೆ ಎಷ್ಟು ಬಂಗಾರ ಅಂದ್ರ, ಕೆಲವರಿಗೆ ಭಾರ ತಡೀಲಾರದ ಬ್ಯಾರೆಯವರು ತೋಳು ಹಿಡಕೊಂಡು ನಡಸತಿದ್ರಂತ. ಓದಿ ನನಗ ಆಸೆ ಆಗಲಿಲ್ರೆವಾ, ನನ್ನ ತೋಳ ನೋವಾದಂಗಾತು.

ಮುಂದ 1610ರಾಗ ರಾಜ ಒಡೆಯರು ಶ್ರೀರಂಗಪಟ್ಟಣದಾಗ ದಸರಾ ಹಿಡದ್ರು. ಮೈಸೂರಿನ ಜಂಬೂಸವಾರಿ ಇವತ್ತಿಗೂ ಬನ್ನಿಮಂಟಪಕ್ಕ ಹೋಗತೈತಿ. ಇದೆಲ್ಲಾ ಗಂಡಸರು ಊರ ಹೊರಗ ಹೋದ ಲೆಕ್ಕ.

ವಿಜಯದಶಮಿ ಆಗಿ ಐದು ದಿನಕ್ಕ ಬರೂದು ಶೀಗಿ ಹುಣ್ಣಿಮಿ. ಪರದೇಶದಿಂದ ಬಂದವರು ಬರದಿಟ್ಟಿದ್ದು ಅರಮನಿ ಹಬ್ಬ. ನಮ್ಮ ಬುತ್ತಿಗಂಟು ಯಾರು ಬರೀತಾರ? ತೊಗರಿ ಹೂ ಬಿಡೂ ಹೊತ್ತು, ಹತ್ತಿ ಕಾಯಿ ಕಟ್ಟೂ ಹೊತ್ತು. ಭೂಮಿತಾಯಿ ಬಸುರಿ, ಆಕಿಗೆ ಸೀಮಂತ ಮಾಡಬೇಕು. ಕರಿಗಡಬು, ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಎಣಗಾಯಿ, ಗುರೆಳ್ಳು ಚಟ್ನಿ, ಮೊಸರನ್ನ ಕಟಗೊಂಡು ಚಕ್ಕಡಿ ಹೂಡಿ ಹೊಲಕ್ಕ ಹೋಗೂದು. ಬನ್ನಿಗಿಡದ ಬುಡಕ ಐದು ಕಲ್ಲಿಟ್ಟು ಪಾಂಡವರಂತ ಪೂಜಿ. ಆಮ್ಯಾಲೆ ಎಲ್ಲಾ ಅಡಗಿ ಕಲಿಸಿ ಬೆಳಿಯೊಳಗ ಚರಗ ಚೆಲ್ಲೂದು. (ಹಿಂಗಾರಿ ಜೋಳದ ಸೀಮ್ಯಾಗ ಈ ಚರಗದ ಸಡಗರ ಎಳ್ಳಮಾಸಿಗೆ ಜಾಸ್ತಿ. ವಿಜಯಪುರದ ಕಡೆಯವರು ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ.)

ನನಗ ಅನಸೂದು ಇಷ್ಟ. ಬಸುರಿ ಬಯಕಿ ತೀರಸೂದು ಹೆಂಗಸರ ಕೆಲಸ. ಭೂಮಿನ ಬಸುರಿ ಅಂದಮ್ಯಾಲೆ ಮನಿ ಹೆಂಗಸರನ್ನ ಒಳಗ ಕುಂದ್ರಸಾಕ ಯಾವ ಅತ್ತಿ-ಮಾವಗೂ ನೆವ ಉಳೀಲಿಲ್ಲ. ದೊಡ್ಡ ಮನಿ ಸೊಸಿಗೆ ಬಯಲು ಕಾಣೂದ ಅಪರೂಪ. ವರ್ಷಪೂರ್ತಿ ಕಳೆ ಕೀಳೂ ಹೆಣ್ಮಗಳಿಗೆ ಹೊಲ ಏನ್ ಹೊಸಾದು? ಆಕಿಗೆ ಅವತ್ತು ಆ ಹೊಲದಾಗ ನೆಳ್ಳಿಗೆ ಕುಂತು, ಯಾರೋ ಬಡಸಿದ್ದನ್ನ ಉಣ್ಣೂದು ಹೊಸಾದು.

ಈಗ ಊರ ಸುತ್ತ ಹೊಲ ಹೋಗಿ ಪ್ಲಾಟ್ ಆಗ್ಯಾವು. ಕೆಲವರು ಬಡಾವಣಿ ಪಾರ್ಕಿನ್ಯಾಗ ಡಬ್ಬಿ ಬಿಚ್ಚಿ ಹುಣ್ಣಿಮಿ ಮಾಡತಾರ. ಅದಕ್ಕ ನಗೂ ಮಂದಿ ಅದಾರ, ನಾ ಅಂತೂ ನಗಂಗಿಲ್ಲ. ಅಲ್ಲೆ ಬನ್ನಿಗಿಡ ಇರಲಿಕ್ಕಿಲ್ಲ, ಕೈ ಬೀಸಿ ಕುಂದ್ರಾಕ ಹುಲ್ಲರ ಐತಲ್ಲ.

ನಿಮ್ಮ ಪೈಕಿ ಯಾರದರ ಹೊಲ ಸಮೀಪ ಇದ್ರ ಈ ಸಲ ಹೇಳ್ರೆವಾ. ಕರಿಗಡಬು ನಾ ಮಾಡಕೊಂಡು ಬರತೀನಿ.